ತಾಲೀಮಿನಲ್ಲಿ ನಿಂತುಹೋದ ದೃಶ್ಯ

ಗಂಗಾವತಿ ಕಡೆ ನಾಟಿ ಶುರುವಾದರೆ ನಾಟಕದ ತಾಲೀಮಿಗೆ ಜನ ಸಿಗುವುದು ಕಷ್ಟ. ಕಾಲುವೆಗೆ ನೀರು ಬಿಟ್ಟ ಮೇಲೆ ಊರಿಗೆ ಊರೇ ಗದ್ದೆಯಲ್ಲಿರುತ್ತದೆ. ಆದರೂ ಆ ಮಳೆಗಾಲದಲ್ಲಿ ನಮ್ಮ ಹವ್ಯಾಸಿ ತಂಡ ಹೊಸ ನಾಟಕವೊಂದನ್ನು ಕೈಗೆತ್ತಿಕೊಂಡಿತ್ತು. ಮುತ್ತು ಕಟ್ಟಿಸಿಕೊಂಡ, ಅಂದರೆ ದೇವದಾಸಿಯಾಗಿ ಬಿಟ್ಟ ಹುಡುಗಿಯೊಬ್ಬಳ ಕಥೆ. ಕೊಪ್ಪಳ, ರಾಯಚೂರು, ಬಳ್ಳಾರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹೆಣ್ಣುಮಕ್ಕಳನ್ನು ದೇವದಾಸಿಯಾಗಿ ಬಿಡುವುದನ್ನು ನಿಷೇಧಿಸಿ 1982ರಲ್ಲೇ ಕಾಯ್ದೆ ಆಯಿತು. ಆಮೇಲೂ ಕದ್ದುಮುಚ್ಚಿ ನಡೆಯಿತು ಅನ್ನುವುದು ಇಲ್ಲಿನ ಎಲ್ಲರಿಗೂ ಗೊತ್ತು.

ನಾನು ಶಾಲೆ ಟೀಚರ್. ತಂಡದಲ್ಲಿ ಮಾತು ತಿದ್ದುವುದು, ಮಕ್ಕಳ ಪಾತ್ರಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಮುಖ್ಯ ಪಾತ್ರಕ್ಕೆ ಏಳನೇ ತರಗತಿಯ ಹುಡುಗಿಯೊಬ್ಬಳು ಸಿಕ್ಕಿದ್ದಳು. ಚುರುಕು ಹುಡುಗಿ. ತನ್ನ ಮಾತಷ್ಟೇ ಅಲ್ಲ, ಎಲ್ಲರ ಮಾತೂ ಅವಳಿಗೆ ಬಾಯಿಪಾಠ. ತಾಯಿ ನಾಟಿ ಕೂಲಿಗೆ ಹೋಗುತ್ತಿದ್ದರು. ಸಂಜೆ ಕೆಸರು ಕಾಲಲ್ಲೇ ಬಂದು ಮಗಳನ್ನು ಕರೆದುಕೊಂಡು ಹೋಗುತ್ತಿದ್ದರು.

ಅವತ್ತು ನಾಟಕದ ಕಷ್ಟದ ದೃಶ್ಯ ಇತ್ತು. ಮುತ್ತು ಕಟ್ಟಿದ ಮೇಲೆ ಊರಿನ ದೊಡ್ಡ ಮನುಷ್ಯನೊಬ್ಬ ಹುಡುಗಿಯ ಮನೆಗೆ ಬರುತ್ತಾನೆ. ಬಾಗಿಲು ಮುಚ್ಚುತ್ತದೆ. ಪುಸ್ತಕದಲ್ಲಿ ಇದ್ದದ್ದು ಇಷ್ಟೇ. ನಿರ್ದೇಶಕರು ಮುಂದಕ್ಕೆ ಬೆಳೆಸಿದ್ದರು. ಬಾಗಿಲು ಮುಚ್ಚುವ ಮೊದಲು ಆತ ಹಿಂದಿನಿಂದ ಬಂದು ಹುಡುಗಿಯನ್ನು ಗಟ್ಟಿಯಾಗಿ ಹಿಡಿಯಬೇಕು. ಹಿಡಿಯುತ್ತಾನೆ ಅಂತ ಹುಡುಗಿಗೆ ಮೊದಲೇ ಹೇಳಬಾರದು. ಹೇಳಿದರೆ ಅಭಿನಯ ಆಗುತ್ತದೆ, ಹೇಳದಿದ್ದರೆ ನಿಜವಾದ ಭಯ ಬರುತ್ತದೆ ಅನ್ನುವುದು ಅವರ ಲೆಕ್ಕ. ಇದು ಆ ನಟನಿಗೆ ಮಾತ್ರ ಗೊತ್ತಿತ್ತು. ನನಗೂ ಹೇಳಿರಲಿಲ್ಲ. ಇನ್ನೊಬ್ಬ ಹುಡುಗ ಮೂಲೆಯಲ್ಲಿ ನಿಂತು ಫೋನಿನಲ್ಲಿ ಚಿತ್ರ ಮಾಡುತ್ತಿದ್ದ. ತಂಡದ ಪ್ರಚಾರಕ್ಕೆ ರೀಲ್ಸ್ ಬೇಕಿತ್ತಂತೆ.

ಭಯ ಬಂತು. ಹುಡುಗಿ ಕಿರುಚಲಿಲ್ಲ. ಕೈಕಾಲು ಬಿಗಿದುಕೊಂಡು ಹಾಗೇ ನಿಂತಳು. ಗೊತ್ತಿದ್ದ ಮಾತು ಒಂದೂ ಹೊರಗೆ ಬರಲಿಲ್ಲ. "ಇದೇ ಬೇಕಾಗಿದ್ದು, ಬಿಡಬೇಡ, ಬಿಡಬೇಡ" ಅಂತ ನಿರ್ದೇಶಕರು ಕೂಗಿದರು. ನಾನು ಎದ್ದು ಹೋಗಿ ನಟನ ಕೈ ಸರಿಸಿದೆ.

ತಾಲೀಮು ನೋಡಲು ವಯಸ್ಸಾದ ತಾಯಿಯೊಬ್ಬರು ಬಂದಿದ್ದರು. ನಾಟಕದ ಕಥೆಯಲ್ಲಿ ಅರ್ಧ ಅವರದೇ ಬದುಕು, ನಾಟಕ ಬರೆದವರಿಗೆ ಅವರೇ ಹೇಳಿದ್ದು. ಎಂಟೋ ಒಂಬತ್ತೋ ವಯಸ್ಸಿನಲ್ಲಿ ಅವರ ಕೊರಳಿಗೆ ಮುತ್ತು ಬಿದ್ದಿತ್ತು. ಅವರು ಕೂತಲ್ಲಿಂದಲೇ ಅಂದರು: "ನನಗ ಆಗಿದ್ದು ಜನಕ್ಕ ತೋರಿಸ್ರಿ, ಬ್ಯಾಡ ಅನ್ನಂಗಿಲ್ಲ. ಅದಕ್ಕ ಈ ಕೂಸಿಗ್ಯಾಕ ಮಾಡ್ತೀರಿ?"

ಹುಡುಗಿಗೆ ನೀರು ಕೊಟ್ಟು ಹೊರಗೆ ಕೂರಿಸಿದೆವು. ಆಮೇಲೆ ಒಳಗೆ ದೊಡ್ಡ ಜಗಳವೇ ಆಯಿತು.

ನಿರ್ದೇಶಕರು ಕೆಟ್ಟ ಮನುಷ್ಯರಲ್ಲ. ಅವರ ಮಾತಿನಲ್ಲಿ ತೂಕ ಇತ್ತು. "ಮುಚ್ಚಿಟ್ಟಿದ್ದಕ್ಕೇ ಈ ಅನ್ಯಾಯ ಇಷ್ಟು ಕಾಲ ನಡೆಯಿತು. ಮೆತ್ತಗೆ ತೋರಿಸಿದರೆ ನೋಡಿದವರು ಚಪ್ಪಾಳೆ ತಟ್ಟಿ ಮನೆಗೆ ಹೋಗ್ತಾರೆ. ಅವರ ನಿದ್ದೆ ಕೆಡಬೇಕು" ಅಂದರು. ಕೆಡಲಿ. ಅದಕ್ಕೆ ನನ್ನ ತಕರಾರಿಲ್ಲ. ಹಿಂದಿನ ವಾರವಷ್ಟೇ ಊರಿನ ಹಿರಿಯರೊಬ್ಬರು ಬಂದು, ಇಂಥ ನಾಟಕವೇ ಬೇಡ, ನೋಡುವ ಮಕ್ಕಳ ಮನಸ್ಸು ಕೆಡುತ್ತದೆ ಅಂದಿದ್ದರು. ಆಗ ಅವರ ಜೊತೆ ವಾದ ಮಾಡಿದವಳೂ ನಾನೇ. ಮಕ್ಕಳ ಹೆಸರು ಮುಂದೆ ಮಾಡಿ ದೊಡ್ಡವರ ಬಾಯಿ ಮುಚ್ಚಿಸುವುದು ನನಗೆ ಆಗದು. ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕು ಕೊಟ್ಟಿರುವುದು ಹಿತವಾದ ಮಾತಿಗೆ ಮಾತ್ರ ಅಲ್ಲ. ದೇವದಾಸಿಯ ಬಗ್ಗೆ, ಮಕ್ಕಳ ಮೇಲಿನ ದೌರ್ಜನ್ಯದ ಬಗ್ಗೆ ಎಷ್ಟು ಕಟುವಾಗಿ ಬೇಕೋ ಅಷ್ಟು ಬರೆಯಲಿ, ಆಡಲಿ.

ಆದರೆ ಕಾಗದದ ಮೇಲಿನ ಹುಡುಗಿ ಬೇರೆ, ರಂಗದ ಮೇಲೆ ನಿಂತ ಹುಡುಗಿ ಬೇರೆ. ಕಾಗದದ ಹುಡುಗಿಗೆ ನೋವಾಗುವುದಿಲ್ಲ. ಇವಳು ನಾಳೆ ಬೆಳಿಗ್ಗೆ ಶಾಲೆಗೆ ಬರಬೇಕು. ಆ ನಟ ಎದುರು ಸಿಕ್ಕರೆ ಏನು ಮಾಡಬೇಕು ಅಂತ ಅವಳಿಗೆ ತೋಚಬೇಕು. ನಿರ್ದೇಶಕರ ಸ್ವಾತಂತ್ರ್ಯ ಅವಳ ಮೈ ಮನಸ್ಸಿನ ಹತ್ತಿರ ಬಂದಾಗ ನಿಲ್ಲಬೇಕು.

ನಮ್ಮ ಭಾಗದ ದೊಡ್ಡಾಟ ನೋಡಿ ಬೆಳೆದವಳು ನಾನು. ಅಲ್ಲಿ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ದ್ರೌಪದಿಯ ಸೀರೆಗೆ ದುಶ್ಶಾಸನ ಕೈ ಹಾಕಿದರೆ ಮುಂದೆ ಕೂತ ಅಜ್ಜಿಯರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. ದ್ರೌಪದಿ ಪಕ್ಕದ ಓಣಿಯ ಮೀಸೆ ಬೋಳಿಸಿದ ರೈತ ಅಂತ ಅವರಿಗೆ ಗೊತ್ತಿಲ್ಲದೇ ಅಲ್ಲ! ಯುದ್ಧದಲ್ಲಿ ಯಾರನ್ನೂ ನಿಜವಾಗಿ ಕೊಲ್ಲುವುದಿಲ್ಲ. ಆದರೂ ಬೆಳಗಿನ ಜಾವದವರೆಗೆ ಜನ ಏಳುವುದಿಲ್ಲ. ಕೊಲೆಗೆ ನಿಜ ಬೇಡ ಅಂದಮೇಲೆ ಮಗುವಿನ ಭಯ ಮಾತ್ರ ಯಾಕೆ ನಿಜವಾಗಿರಬೇಕು?

"ಹುಡುಗಿ ಒಪ್ಪಿದ್ದಳಲ್ಲ" ಅಂತ ಒಬ್ಬರು ಕೇಳಿದರು. ಯಾವುದಕ್ಕೆ ಒಪ್ಪಿದ್ದಳು? ನಾಟಕಕ್ಕೆ. ಹಿಂದಿನಿಂದ ಬರುವ ಕೈಗಲ್ಲ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ 18 ತುಂಬದವರೆಲ್ಲರನ್ನೂ ಮಗು ಅಂತಲೇ ನೋಡುತ್ತದೆ. ಮಗು ಒಪ್ಪಿತ್ತು ಅನ್ನುವ ಮಾತು ಅಲ್ಲಿ ನಡೆಯುವುದಿಲ್ಲ. ನಮ್ಮ ದೃಶ್ಯ ಆ ಕಾಯ್ದೆಯಡಿ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಅದರ ಹಿಂದಿರುವ ತಿಳಿವಳಿಕೆ ತಾಲೀಮಿನ ಕೋಣೆಗೂ ಬೇಕು ಅನ್ನುತ್ತಿದ್ದೇನೆ. ಸಿನಿಮಾ, ಧಾರಾವಾಹಿಯ ಮಕ್ಕಳಿಗೆ 2017ರ ಬಾಲಕಾರ್ಮಿಕ ನಿಯಮಗಳಲ್ಲಿ ಲೆಕ್ಕ ಇದೆ. ದಿನಕ್ಕೆ 5 ಗಂಟೆಗಿಂತ ಜಾಸ್ತಿ ದುಡಿಸಬಾರದು. ಬಿಡುವಿಲ್ಲದೆ 3 ಗಂಟೆ ಮೀರಬಾರದು. ಗಳಿಕೆಯಲ್ಲಿ ಕನಿಷ್ಠ ಶೇ 20 ಭಾಗ ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿಡಬೇಕು. ಇಷ್ಟವಿಲ್ಲದ ಮಗುವನ್ನು ಕುಣಿಸುವಂತಿಲ್ಲ. ನಮ್ಮಂಥ ಸಣ್ಣ ತಂಡಕ್ಕೆ ಬಂದು ಯಾರು ಲೆಕ್ಕ ಕೇಳುತ್ತಾರೆ? ಯಾರೂ ಕೇಳುವುದಿಲ್ಲ ಅಂತಲೇ ನಾವು ಜಾಸ್ತಿ ಎಚ್ಚರ ಇರಬೇಕಲ್ವಾ?

ಕೊನೆಗೆ ದೃಶ್ಯ ಬದಲಾಯಿತು. ಕೊಪ್ಪಳದ ಮೋರನಾಳದ ತೊಗಲುಗೊಂಬೆಯಾಟ ನಮಗೆ ದಾರಿ ತೋರಿಸಿತು. ಅಲ್ಲಿನ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಊರು. ಬಿಳಿ ಪರದೆ, ಹಿಂದೆ ದೀಪ, ನಡುವೆ ತೊಗಲಿನ ಗೊಂಬೆ. ಇಡೀ ರಾಮಾಯಣಕ್ಕೆ ಅವರಿಗೆ ಅಷ್ಟು ಸಾಕು. ನಾವೂ ಬಿಳಿ ಪಂಚೆ ಕಟ್ಟಿದೆವು. ಅದರ ಹಿಂದೆ ಹುಡುಗಿಯ ಬದಲು ತಂಡದ ಗಿಡ್ಡನೆಯ ನಟಿಯೊಬ್ಬರು ಎರಡು ಜಡೆ ಹಾಕಿಕೊಂಡು ನಿಂತರು. ಅವರಿಗೆ ಮದುವೆಯಾಗಿ ಮಗುವಿದೆ. ಬರುವ ಕೈ ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಇಬ್ಬರೂ ಕೂತು ಮಾತಾಡಿಕೊಂಡರು. ನಮ್ಮ ಹುಡುಗಿ ಕುಂಟೆಬಿಲ್ಲೆ ಆಡುವ ದೃಶ್ಯದಲ್ಲಿ, ಶಾಲೆಯ ದೃಶ್ಯದಲ್ಲಿ ಮಾತ್ರ ಉಳಿದಳು.

ಇದರಿಂದ ನಾಟಕ ಇನ್ನೂ ಚೆನ್ನಾಯಿತು ಅಂತ ನಾನು ಹೇಳಲಾರೆ. ಅವತ್ತು ಹುಡುಗಿಯ ಮುಖದಲ್ಲಿ ಕಂಡದ್ದು ಆ ಪರದೆಯ ಮೇಲೆ ಯಾವತ್ತೂ ಬರಲಿಲ್ಲ. ನಿರ್ದೇಶಕರು ಈಗಲೂ ಅದನ್ನೇ ಹೇಳುತ್ತಾರೆ. ಅವರು ಹೇಳುವುದು ನಿಜ. ನಾಟಕ ಅಷ್ಟನ್ನು ಕಳೆದುಕೊಂಡಿತು. ಕಳೆದುಕೊಳ್ಳಲಿ. ಎರಡೂ ಕಡೆ ಲಾಭ ಇದ್ದರೆ ಬಿಟ್ಟುಕೊಟ್ಟೆವು ಅನ್ನುವ ಮಾತೇ ಇರುವುದಿಲ್ಲ.

ಫೋನಿನ ಚಿತ್ರ ಅಳಿಸಲು ಇದಕ್ಕಿಂತ ಹೆಚ್ಚು ಓಡಾಡಬೇಕಾಯಿತು. ಆ ಹುಡುಗ ಅಷ್ಟರಲ್ಲೇ ತಂಡದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿಬಿಟ್ಟಿದ್ದ. ಗುಂಪಿನಲ್ಲಿ ಅಳಿಸಿಸಿ, ಆಮೇಲೆ ಒಬ್ಬೊಬ್ಬರಿಗೂ ಫೋನ್ ಮಾಡಿ, ಅವರ ಫೋನಿನಲ್ಲಿ ಉಳಿದದ್ದನ್ನೂ ತೆಗೆಸಿದೆ. ಕೆಲವರು "ಏನಿದೆ ಟೀಚರ್ ಅದರಲ್ಲಿ, ಸುಮ್ನೆ ನಾಟಕ" ಅಂದರು. ನಾಟಕ ಅಂತ ನೋಡುವವನಿಗೆ ಗೊತ್ತಿರುವುದಿಲ್ಲ. ಹಿಂದೆ ಮುಂದೆ ಇಲ್ಲದ ಆ ಅರ್ಧ ನಿಮಿಷದಲ್ಲಿ ಕಾಣುವುದು ಹೆದರಿದ ಮಗು ಮತ್ತು ಒಬ್ಬ ಗಂಡಸಿನ ಕೈ.

ತಾಲೀಮು ನಿಂತ ಅವತ್ತು ಸಂಜೆಯೇ ಹುಡುಗಿಯ ತಾಯಿಗೆ ನಡೆದದ್ದೆಲ್ಲ ಹೇಳಿದೆ. ಅವರು ಕೂಗಾಡಲಿಲ್ಲ. "ಕಥಿ ಏನೈತಿ ಅಂತ ನನಗ ಯಾರೂ ಹೇಳಿಲ್ರಿ. ಮೊದಲಿಂದ ಓದ್ರಿ, ಕೇಳ್ತೀನಿ" ಅಂದರು. ಮರುದಿನ ನಿರ್ದೇಶಕರೇ ಪೂರ್ತಿ ನಾಟಕ ಓದಿದರು. ತಾಯಿ ಮಗಳು ಇಬ್ಬರೂ ಕೇಳಿದರು. ಯಾವ ದೃಶ್ಯದಲ್ಲಿ ಮಗಳು ಇರಬಹುದು, ಯಾವುದರಲ್ಲಿ ಬೇಡ ಅಂತ ತಾಯಿ ಒಂದೊಂದಾಗಿ ಹೇಳಿದರು. ಮಗಳನ್ನೂ ಕೇಳಿದರು. ಶಾಲೆಯ ದೃಶ್ಯದಲ್ಲಿ ತನಗೆ ಇನ್ನೂ ಎರಡು ಮಾತು ಬೇಕು ಅಂದಳು ಹುಡುಗಿ. ನಿರ್ದೇಶಕರು ಅಲ್ಲೇ ಕೂತು ಬರೆದುಕೊಟ್ಟರು.