ಪುಪು ಊರು, ಪ್ಯುಯಿ ದ ದೋಮ್ ಬೆಟ್ಟ

ಫ್ರಾನ್ಸಿನ ಲಿಮೋಜ್‌ನಿಂದ ಸ್ಯಾಂ-ಲಿಯೊನಾರ್ ದ ನೊಬ್ಲಾಗೆ ಪುಟ್ಟ ರೈಲು ಹೋಗುತ್ತದೆ. ಕಿಟಕಿಯಾಚೆ ವಿಯೆನ್ ನದಿ, ಹುಲ್ಲುಗಾವಲು, ಕಂದು ಬಣ್ಣದ ಲಿಮೂಸಿನ್ ದನಗಳು. ಹಳೇ ಚರ್ಚು ನೋಡೋಕೆ, ಬಾದಾಮಿಯ ಸಿಹಿ ತಿನ್ನೋಕೆ ಜನ ಈ ಊರಿಗೆ ಬರುತ್ತಾರೆ. ನಾನು ಹೋದದ್ದು ಸೈಕಲ್ ಓಟಗಾರ ರೇಮೋಂ ಪುಲಿದೋರ್ ಬದುಕಿದ್ದ ಊರು ಅಂತ.

ಫ್ರಾನ್ಸಿನವರಿಗೆ ಅವನು ಪುಪು. 1936ರಲ್ಲಿ ಪಕ್ಕದ ಕ್ರೂಜ್ ಸೀಮೆಯಲ್ಲಿ ಹುಟ್ಟಿದ. ಅಪ್ಪ ಅಮ್ಮ ಬೇರೆಯವರ ಹೊಲವನ್ನು ಪಾಲಿಗೆ ಮಾಡುತ್ತಿದ್ದವರು. 1960ರಿಂದ 1977ರವರೆಗೆ ಮೆರ್ಸಿಯೆ ಅನ್ನೋ ಒಂದೇ ತಂಡಕ್ಕೆ ಸೈಕಲ್ ಹೊಡೆದ. ದಿನಕ್ಕೊಂದು ಹಂತದಂತೆ ವಾರಗಟ್ಟಲೆ ನಡೆಯುವ ಸೈಕಲ್ ಓಟ ಟೂರ್ ದ ಫ್ರಾನ್ಸ್‌ನಲ್ಲಿ ಮೂರು ಸಲ ಎರಡನೇ ಸ್ಥಾನ, ಐದು ಸಲ ಮೂರನೇದು. ಒಟ್ಟು ಸಮಯದಲ್ಲಿ ಮುಂದಿರುವವನು ತೊಡುವ ಹಳದಿ ಅಂಗಿ ಮಾತ್ರ ಒಂದು ದಿನವೂ ಮೈಮೇಲೆ ಬರಲಿಲ್ಲ. 1973ರಲ್ಲಿ ಅದು ತಪ್ಪಿದ್ದು ಒಂದು ಸೆಕೆಂಡಿಗೂ ಕಡಿಮೆ ಅಂತರದಲ್ಲಿ! 2019ರಲ್ಲಿ ತೀರಿಕೊಂಡಾಗ ಇದೇ ಚರ್ಚಿನಲ್ಲಿ ಅವನಿಗೆ ವಿದಾಯ ಹೇಳಿದರು.

ಪಾಪ, ನತದೃಷ್ಟ ಅನ್ನೋ ಮಾತು ನನಗೆ ಅಷ್ಟು ಒಪ್ಪಿಗೆಯಿಲ್ಲ. ಇಟಲಿಯ ಮಿಲಾನ್-ಸಾನ್ ರೆಮೊ ಓಟ ಗೆದ್ದವನು, ಸ್ಪೇನಿನ ದೊಡ್ಡ ಓಟ ವುಯೆಲ್ತಾ ಗೆದ್ದವನು, ಮೂವತ್ತೈದು ದಾಟಿದ ಮೇಲೆ ಪ್ಯಾರಿಸ್-ನೀಸ್ ಓಟದಲ್ಲಿ ಆ ಕಾಲದ ಅಗ್ರ ಓಟಗಾರ ಎಡ್ಡಿ ಮೆರ್ಕ್ಸ್‌ನನ್ನೇ ಸೋಲಿಸಿದವನು. ಅದೃಷ್ಟ ಕೈಕೊಟ್ಟಷ್ಟೂ ಜನರ ಪ್ರೀತಿ ಜಾಸ್ತಿಯಾಯಿತು, ದುಡ್ಡೂ ಬಂತು ಅಂತ ಅವನೇ ನಗುತ್ತಾ ಹೇಳುತ್ತಿದ್ದ. ಅವನ ಎದುರಾಳಿ ಝಾಕ್ ಆಂಕ್ತಿಲ್ ಐದು ಟೂರ್ ಗೆದ್ದ. ಲೆಕ್ಕ ಹಾಕಿ, ಬೇಕಾದಷ್ಟೇ ತುಳಿದು ಗೆಲ್ಲುವ ಜಾಣ. ಜನ ಅವನನ್ನು ಮೆಚ್ಚಿದರು, ಪುಪುವನ್ನು ಹಚ್ಚಿಕೊಂಡರು. ಹೊಲದಲ್ಲಿ ದುಡಿದು ಬಂದವನು ತಮ್ಮವನು ಅನ್ನಿಸಿರಬೇಕು, ಅಲ್ವಾ?

ಇಬ್ಬರೂ ಭುಜಕ್ಕೆ ಭುಜ ತಾಗಿಸಿ ಹತ್ತಿದ ಬೆಟ್ಟ ನೋಡದೆ ವಾಪಸ್ ಬರೋದು ಹೇಗೆ? ಕ್ಲೆರ್ಮೋಂ-ಫೆರಾಂಗೆ ಹೊರಟೆ. ಊರಿನ ಪಕ್ಕದಲ್ಲೇ ಪ್ಯುಯಿ ದ ದೋಮ್, 1465 ಮೀಟರ್ ಎತ್ತರದ ಆರಿದ ಜ್ವಾಲಾಮುಖಿ. ಈಗ ಮೇಲಕ್ಕೆ ಹಲ್ಲುಗಾಲಿಯ ರೈಲಿದೆ. ಹಳಿ ಬೆಟ್ಟವನ್ನು ಸುತ್ತಿಕೊಂಡೇ ಏರುತ್ತದೆ, ಅದರ ಪಕ್ಕದಲ್ಲೇ ಕಿರಿದಾದ ರಸ್ತೆ. ಕಿಟಕಿಯಿಂದ ನೋಡಿದರೇ ಕಾಲು ಸೋಲುವಂಥ ಏರು. ತುದಿಯ ನಾಲ್ಕೈದು ಕಿಲೋಮೀಟರ್ ಎಲ್ಲೂ ಉಸಿರು ಬಿಡೋಕೆ ಜಾಗವಿಲ್ಲ.

1964ರ ಜುಲೈ 12. ಟೂರ್‌ನ ಒಟ್ಟು ಸಮಯದಲ್ಲಿ ಆಂಕ್ತಿಲ್ 56 ಸೆಕೆಂಡು ಮುಂದಿದ್ದ. ಪುಪು ಅವನನ್ನು ಬಿಟ್ಟು ಮುಂದೆ ನುಗ್ಗಬೇಕಿತ್ತು. ಆದರೆ ಆಂಕ್ತಿಲ್ ಅವನ ಪಕ್ಕಕ್ಕೇ ಬಂದು ಅಂಟಿಕೊಂಡ. ದಣಿದಿದ್ದ, ಆದರೆ ಮುಖದಲ್ಲಿ ತೋರಿಸಲಿಲ್ಲ. ಪುಪು ನಂಬಿದ, ಕಾದ. ಕೊನೆಯಲ್ಲಿ ಬಿಟ್ಟು ಓಡಿದಾಗ ಗಳಿಸಿದ್ದು 42 ಸೆಕೆಂಡು. ಇನ್ನೂ 14 ಉಳಿದವು. ಪ್ಯಾರಿಸ್ ಮುಟ್ಟುವಾಗ ಅಂತರ 55ಕ್ಕೆ ಹೋಯಿತು. ಈ ಬೆಟ್ಟಕ್ಕೂ ಮೊದಲು, ಅದೇ ಟೂರ್‌ನ ಮೊನಾಕೊ ಹಂತದಲ್ಲಿ ಒಂದು ಸುತ್ತು ಬಾಕಿ ಇರುವಾಗಲೇ ಪುಪು ಗೆದ್ದೆ ಅಂದುಕೊಂಡಿದ್ದ. ಅಲ್ಲಿ ಗೆದ್ದ ಆಂಕ್ತಿಲ್‌ಗೆ ಸಿಕ್ಕಿದ್ದು ಒಂದು ನಿಮಿಷದ ಬೋನಸ್, ಅಂದರೆ ಒಟ್ಟು ಸಮಯದಲ್ಲಿ ಅಷ್ಟು ಕಡಿತ. ಲೆಕ್ಕ ನೀವೇ ಹಾಕಿ.

ಮೇಲೆ ರೋಮನ್ನರ ಮರ್ಕ್ಯುರಿ ದೇವಾಲಯದ ಅವಶೇಷಗಳಿವೆ, ಸುತ್ತ ಸಾಲು ಸಾಲು ಜ್ವಾಲಾಮುಖಿಗಳು. ಗಾಳಿ ವಿಪರೀತ, ಜಾಕೆಟ್ ಬೇಕೇ ಬೇಕು. ಟೂರ್ ಇಲ್ಲಿಗೆ 1988ರ ನಂತರ ಮತ್ತೆ ಬಂದದ್ದು 2023ರಲ್ಲಿ. ಆ ದಿನದ ಓಟವನ್ನು ಸ್ಯಾಂ-ಲಿಯೊನಾರ್‌ನಿಂದಲೇ ಶುರು ಮಾಡಿದರು. ಪುಪುವಿನ ಮೊಮ್ಮಗ ಮಥ್ಯು ವಾನ್ ಡರ್ ಪುಲ್ ಕೂಡ ಅವತ್ತು ತುಳಿದ. ಅವನು 2021ರಲ್ಲೇ ಹಳದಿ ಅಂಗಿ ತೊಟ್ಟಾಗಿತ್ತು, ತನ್ನ ಮೊದಲ ಟೂರ್‌ನ ಎರಡನೇ ದಿನಕ್ಕೇ.