ಮಳೆಗೆ ಮೊದಲು ಮತ್ತೆ ಕ್ಲಾಸು

ಈ ಭಾನುವಾರ ಕ್ಲಿನಿಕ್ ಬಂದ್. ಮುಂಬೈಯ ಪರೇಲ್‌ನ ಮೆಡಿಕಲ್ ಕಾಲೇಜಿನಲ್ಲಿ ಸಿಎಂಇ ಇದೆ, ಅಂದರೆ ನಮ್ಮಂಥ ಹಳೇ ಡಾಕ್ಟರ್‌ಗಳಿಗೆ ಮತ್ತೆ ಪಾಠ. ಮಹಾರಾಷ್ಟ್ರದಲ್ಲಿ ರಿಜಿಸ್ಟ್ರೇಷನ್ ನವೀಕರಿಸಲು 5 ವರ್ಷಕ್ಕೆ ಇಂಥ ಕ್ಲಾಸುಗಳಿಂದ 30 ಕ್ರೆಡಿಟ್ ಪಾಯಿಂಟ್ ಬೇಕು. ಸಹಿ ಹಾಕಿ, ಊಟ ಮುಗಿಸಿ ಮೆಲ್ಲಗೆ ಜಾಗ ಖಾಲಿ ಮಾಡುವವರೂ ಇದ್ದಾರೆ, ಬಿಡಿ.

ಈ ಸಲದ ವಿಷಯ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿ ಜ್ವರ. ತಪ್ಪಿಸಿಕೊಳ್ಳೋ ಮನಸ್ಸಿಲ್ಲ. 2005ರ ಜುಲೈ 26ರ ಮಳೆ ಆದ ಮೇಲೆ ಈ ಊರು ಇದನ್ನು ಚೆನ್ನಾಗಿ ಕಂಡಿದೆ. ಇಲಿ ಮೂತ್ರ ಬೆರೆತ ನೀರು, ಕಾಲಲ್ಲೊಂದು ಸಣ್ಣ ಗಾಯ, ಅಷ್ಟು ಸಾಕು. ಶುರುವಿನಲ್ಲಿ ಬರೀ ಜ್ವರ, ಮೈಕೈ ನೋವು. ಫ್ಲೂ ಅಂತಲೇ ಅನಿಸುತ್ತದೆ. ಆದರೆ ಮೀನಖಂಡ ಒತ್ತಿದರೆ ರೋಗಿ ಹೌಹಾರುತ್ತಾನೆ. ಕಣ್ಣು ಕೆಂಪಗಿರುತ್ತದೆ, ಪಿಸುರು ಮಾತ್ರ ಇರುವುದಿಲ್ಲ.

ಮಾಟುಂಗಾದ ಹೋಟೆಲ್ ಹುಡುಗರು ನನ್ನ ಕಾಯಂ ಗಿರಾಕಿಗಳು. ಕಿಂಗ್ಸ್ ಸರ್ಕಲ್‌ನಲ್ಲಿ ಮೊಣಕಾಲುದ್ದ ನೀರು ನಿಂತರೂ ಚಪ್ಪಲಿ ಕೈಯಲ್ಲಿ ಹಿಡಿದು ಡ್ಯೂಟಿಗೆ ಹೋಗುತ್ತಾರೆ. "ಡಾಕ್ಟ್ರೇ, ಸುಮ್ನೆ ಒಂದು ಇಂಜೆಕ್ಷನ್ ಹಾಕಿ, ಸಂಜೆ ಶಿಫ್ಟ್ ಇದೆ" ಅನ್ನುತ್ತಾರೆ. ನೀರಲ್ಲಿ ನಡೆದವರು 72 ಗಂಟೆಯೊಳಗೆ ಡಾಕ್ಟರನ್ನು ಕಂಡರೆ ರೋಗ ಬರದಂತೆ ಡಾಕ್ಸಿಸೈಕ್ಲಿನ್ ಕೊಡಬಹುದು. ಪಾಲಿಕೆಯೂ ಮಳೆಗಾಲದಲ್ಲಿ ಇದನ್ನೇ ಹೇಳುತ್ತದೆ. ಇವರು ಬರುವುದು ಜ್ವರ ಏರಿದ ಮೇಲೆ. ರಜೆ ಕೊಡೋರು ಯಾರು, ಅಲ್ವಾ?

ಸ್ಲೈಡ್‌ಗಳಿಗಿಂತ ಕೊನೆಯ ಪ್ರಶ್ನೋತ್ತರವೇ ನನಗೆ ಜಾಸ್ತಿ ಇಷ್ಟ. ವಾರ್ಡಿನಲ್ಲಿ ನಿಜಕ್ಕೂ ಏನು ನಡೆಯುತ್ತದೆ ಅನ್ನೋದು ಆಗಲೇ ಹೊರಗೆ ಬರೋದು.

ಮಾಟುಂಗಾ, ಸಯಾನ್ ಕಡೆಯ ಕನ್ನಡದ ಡಾಕ್ಟರ್‌ಗಳು ಬರುವುದಾದರೆ ಹೇಳಿ, ಒಂದೇ ಟ್ಯಾಕ್ಸಿಯಲ್ಲಿ ಹೋಗೋಣ.