ಎರಡು ನಿಮಿಷದ ಸೂಜಿ, ಆರು ತಿಂಗಳ ಲೆಕ್ಕ

ಕಲಬುರಗಿಯ ಒಂದು ಶುಗರ್ ಮತ್ತು ಹಾರ್ಮೋನ್ ಕ್ಲಿನಿಕ್‌ನಲ್ಲಿ ಒಂಬತ್ತು ವರ್ಷದಿಂದ ನರ್ಸ್ ಆಗಿದ್ದೇನೆ. ಪಟ್ಟಣದವರು ನನ್ನನ್ನು ಬ್ರದರ್ ಅನ್ನುತ್ತಾರೆ, ಹಳ್ಳಿಯಿಂದ ಬಂದವರು ಸರ ಅನ್ನುತ್ತಾರೆ. ರಕ್ತ ತೆಗೆಯುವುದು, ಸೂಜಿ ಮಾಡುವುದು, ಇನ್ಸುಲಿನ್ ಪೆನ್ ಹಿಡಿಯುವುದನ್ನು ಕಲಿಸುವುದು ನನ್ನ ಕೆಲಸ. ಗಂಡಸರಿಗೆ ಕೊಡುವ, ಗಂಡಸುತನದ ಹಾರ್ಮೋನ್ ಆದ ಟೆಸ್ಟೋಸ್ಟಿರಾನ್ ಸೂಜಿಯೂ ನನ್ನ ಪಾಲಿಗೇ ಬರುತ್ತದೆ. ಆ ಸೂಜಿ ಮಾಡುತ್ತಾ ನಾನು ಆಡಿದ ಒಂದು ಮಾತು ಒಬ್ಬರಿಗೆ ಎಷ್ಟು ತ್ರಾಸ ಕೊಟ್ಟಿತು ಅನ್ನುವುದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಊರು, ವಯಸ್ಸು ಬದಲಿಸಿದ್ದೇನೆ.

ಜೇವರ್ಗಿ ಕಡೆಯ ರೈತರು ಅವರು. ನಲವತ್ತೆಂಟು ವಯಸ್ಸು, ಎಂಟು ವರ್ಷದಿಂದ ಶುಗರ್. ನಾನು ಅವರನ್ನು ಕಾಕಾ ಅನ್ನುತ್ತೇನೆ. ಮೊದಲ ದಿನ ಡಾಕ್ಟರ್ ಮುಂದೆ ಅವರು ಹೇಳಿದ್ದು "ಬಹಳ ವೀಕ್ನೆಸ್ ಅದ ರೀ" ಅಂತ, ಅಷ್ಟೇ. ನಮ್ಮ ಕಡೆ ಗಂಡಸರು ವೀಕ್ನೆಸ್ ಅಂದರೆ ಮೊಣಕಾಲು ನೋವೂ ಇರಬಹುದು, ನಿದ್ದೆ ಬರದಿರುವುದೂ ಇರಬಹುದು. ಡಾಕ್ಟರ್ ಬಾಗಿಲು ಹಾಕಿ, ಬಿಡಿಸಿ ಕೇಳಿದ ಮೇಲೆ ವಿಷಯ ಹೊರಬಂತು. ಎರಡು ವರ್ಷದಿಂದ ಹೆಂಡತಿಯ ಹತ್ತಿರ ಹೋಗಿಲ್ಲ. ಆಸೆಯೇ ಇಲ್ಲ. ಬೆಳಗಿನ ಜಾವ ನಿದ್ದೆಯಲ್ಲಿ ತಾನಾಗೇ ಆಗುತ್ತಿದ್ದ ನಿಮಿರುವಿಕೆಯೂ ನಿಂತುಹೋಗಿದೆ.

ರಕ್ತ ಪರೀಕ್ಷೆ ಆಯಿತು. ಇಲ್ಲೊಂದು ಮಾತು ಹೇಳಿಬಿಡುತ್ತೇನೆ, ಯಾಕೆಂದರೆ ಇದರಲ್ಲಿ ನಾನೂ ಮೊದಲು ತಪ್ಪು ಮಾಡಿದವನು. ಟೆಸ್ಟೋಸ್ಟಿರಾನ್ ಬೆಳಗ್ಗೆ ಜಾಸ್ತಿ ಇರುತ್ತದೆ, ಹೊತ್ತು ಏರಿದಂತೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ. ಅದಕ್ಕೇ ಖಾಲಿ ಹೊಟ್ಟೆಯಲ್ಲಿ, ಬೆಳಗ್ಗೆ ಹತ್ತರೊಳಗೆ, ಬೇರೆ ಬೇರೆ ಎರಡು ದಿನ ರಕ್ತ ತೆಗೆಯಬೇಕು. ಚಿಂಚೋಳಿಯಿಂದ ಬಸ್ ಹಿಡಿದು ಬಂದವರು ನಮ್ಮಲ್ಲಿಗೆ ತಲುಪುವಾಗ ಹನ್ನೊಂದೂವರೆ. ದಾರಿಯಲ್ಲಿ ಸೂಸಲಾ, ಚಹಾ ಆಗಿರುತ್ತದೆ. "ಇವತ್ತೇ ತಗೊಂಡುಬಿಡ್ರಿ ಸರ, ಮತ್ತ ಬರಾಕ ಆಗಂಗಿಲ್ಲ" ಅನ್ನುತ್ತಾರೆ. ಪಾಪ ಅನಿಸಿ ತೆಗೆದುಬಿಡುತ್ತಿದ್ದೆ. ಆ ಕಡಿಮೆ ಅಂಕಿ ನೋಡಿ ಸೂಜಿ ಶುರುವಾದರೆ ಅದು ಬೇಡದ ಸೂಜಿ, ಅಲ್ವಾ? ಈಗ ತೆಗೆಯುವುದಿಲ್ಲ. ಹಿಂದಿನ ರಾತ್ರಿಯೇ ಬಂದು ನೆಂಟರ ಮನೆಯಲ್ಲಿ ಉಳಿಯಿರಿ ಅನ್ನುತ್ತೇನೆ. ನೆಂಟರು ಕೇಳಿದರೆ ಶುಗರ್ ಪರೀಕ್ಷೆ ಅನ್ನಿ ಅಂತಲೂ ಹೇಳಿಕೊಡುತ್ತೇನೆ.

ಕಾಕಾ ಎರಡು ಸಲವೂ ಬೆಳಗ್ಗೆ ಎಂಟಕ್ಕೇ ಬಂದಿದ್ದರು. ಎರಡೂ ಸಲ 200ರ ಕೆಳಗೆ ಬಂತು. ಸಾಮಾನ್ಯವಾಗಿ ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆ ಇದ್ದು, ಜೊತೆಗೆ ತೊಂದರೆಯೂ ಇದ್ದರೆ ಡಾಕ್ಟರ್ ಚಿಕಿತ್ಸೆಯ ಯೋಚನೆ ಮಾಡುತ್ತಾರೆ. ವೃಷಣಕ್ಕೆ ಸಂಕೇತ ಕೊಡುವ ಎಲ್‌ಎಚ್ ಹಾರ್ಮೋನ್, ಜಾಸ್ತಿಯಾದರೆ ಟೆಸ್ಟೋಸ್ಟಿರಾನ್ ಇಳಿಸುವ ಪ್ರೊಲ್ಯಾಕ್ಟಿನ್, ಪ್ರಾಸ್ಟೇಟ್ ಗ್ರಂಥಿಯ ತೊಂದರೆಯ ಸುಳಿವು ಕೊಡುವ ಪಿಎಸ್‌ಎ, ರಕ್ತ ಎಷ್ಟು ದಪ್ಪ ಇದೆ ಅನ್ನುವುದು, ಎಲ್ಲ ನೋಡಿ ಸೂಜಿ ಬರೆದರು.

ಅದು ಟೆಸ್ಟೋಸ್ಟಿರಾನ್ ಅನ್‌ಡೆಕನೋಯೇಟ್. ನಾಲ್ಕು ಮಿಲಿಲೀಟರ್, ಅದರಲ್ಲಿ 1000 ಮಿಲಿಗ್ರಾಂ ಔಷಧಿ. ಮೊದಲನೆಯದಾದ ಆರು ವಾರಕ್ಕೆ ಎರಡನೆಯದು, ಆಮೇಲೆ ಹತ್ತರಿಂದ ಹದಿನಾಲ್ಕು ವಾರಕ್ಕೊಂದು. ಔಷಧಿ ಕರಗಿರುವುದು ಔಡಲ ಎಣ್ಣೆಯಲ್ಲಿ. ಹೌದು, ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಅದೇ ಔಡಲ. ಎಣ್ಣೆ ದಪ್ಪ, ಅದಕ್ಕೆ ಬಾಟಲಿಯನ್ನು ಎರಡೂ ಅಂಗೈ ನಡುವೆ ಹಿಡಿದು ಸ್ವಲ್ಪ ಬೆಚ್ಚಗೆ ಮಾಡಿಕೊಳ್ಳುತ್ತೇನೆ. ಕುಂಡಿಯ ದಪ್ಪ ಮಾಂಸದೊಳಗೆ, ಪೂರಾ ಎರಡು ನಿಮಿಷ, ಬಹಳ ನಿಧಾನವಾಗಿ ಬಿಡಬೇಕು. ಅವಸರ ಮಾಡಿದರೆ ಎಣ್ಣೆಯ ಹನಿಗಳು ರಕ್ತಕ್ಕೆ ಸೇರಿ ಪುಪ್ಪುಸಕ್ಕೆ ಹೋಗಬಹುದು. ಕೆಮ್ಮು ಒತ್ತರಿಸಿ ಬರುತ್ತದೆ, ದಮ್ಮು ಕಟ್ಟುತ್ತದೆ. ಅದಕ್ಕೇ ಸೂಜಿ ಆದಮೇಲೆ ಅರ್ಧ ಗಂಟೆ ಬೆಂಚಿನ ಮೇಲೆ ಕೂರಿಸುತ್ತೇವೆ.

ಈ ಎರಡು ನಿಮಿಷ ಕಾಕಾ ಗೋಡೆ ಕಡೆ ಮುಖ ಮಾಡಿ ಮಲಗಿದ್ದರು. ನನ್ನ ಕಣ್ಣು ಸಿರಿಂಜಿನ ಮೇಲೆ. ಆಗ ಕೇಳಿದರು:

"ಸರ, ಇದು ಯಾವಾಗ ಹತ್ತತದ?"

"ಲಗೂನ ಆರಾಮ ಆಗತದ ಕಾಕಾ. ಚಿಂತಿ ಮಾಡಬ್ಯಾಡ್ರಿ" ಅಂದೆ.

ಧೈರ್ಯ ಕೊಡಬೇಕು ಅಂತಲೇ ಅಂದಿದ್ದು. ಜ್ವರಕ್ಕೆ ಸೂಜಿ ಮಾಡುವಾಗ, ನೋವಿಗೆ ಮಾಡುವಾಗ ಸಾವಿರ ಸಲ ಅಂದ ಮಾತು ಅದು. ಆದರೆ ಎರಡು ವರ್ಷದಿಂದ ಕಾದ ಮನುಷ್ಯನಿಗೆ ಲಗೂ ಅಂದರೆ ಇವತ್ತು ರಾತ್ರಿ. ಅದು ನನಗೆ ಹೊಳೆಯಲಿಲ್ಲ.

ಆರು ವಾರಕ್ಕೆ ಅವರು ಬರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಒಂದು ಸಲ ಮನೆಯವರು ಎತ್ತಿದರು, "ಶುಗರ್ ತೋರಿಸುವ ತಾರೀಖು ದಾಟ್ಯಾದ ಅಂತ ಹೇಳ್ರಿ ಅಕ್ಕಾರ" ಅಂತಷ್ಟೇ ಹೇಳಿ ಇಟ್ಟೆ. ಬೇರೇನೂ ಹೇಳುವಂತಿಲ್ಲ. ಮೂರು ತಿಂಗಳ ಮೇಲೆ, ತೊಗರಿ ರಾಶಿ ಮುಗಿದ ಮೇಲೆ, ಬಂದರು. ಮುಖ ಇಳಿದಿತ್ತು. ಡಾಕ್ಟರ್ ರೂಮಿನಲ್ಲಿ ಮಾತೇ ಆಡಲಿಲ್ಲ. ನಾನು ಬಿಪಿ ನೋಡಲು ಒಳಗೆ ಕರೆದುಕೊಂಡು ಹೋದಾಗ ತಾವಾಗೇ ಹೇಳಿದರು.

"ಮನಸ್ಸು ಬಂತು ಸರ, ಮೈ ಬರಲಿಲ್ಲ."

ಮೊದಲ ವಾರ ದಿನಾ ರಾತ್ರಿ ಕಾದಿದ್ದಾರೆ. ಏನೂ ಇಲ್ಲ. ನಾಲ್ಕನೇ ವಾರದ ಹೊತ್ತಿಗೆ ಆಸೆ ಹುಟ್ಟಿದೆ. ಎರಡು ವರ್ಷದ ಮೇಲೆ ಹೆಂಡತಿಯ ಪಕ್ಕ ಹೋಗಿದ್ದಾರೆ. ನಿಮಿರುವಿಕೆ ಆಗಿಲ್ಲ. ಆಸೆಯೇ ಇಲ್ಲದಿದ್ದಾಗ ಇಷ್ಟು ಸಂಕಟ ಇರಲಿಲ್ಲವಂತೆ. "ಸೂಜಿಗೂ ಹತ್ತಲಿಲ್ಲ ಅಂದಮ್ಯಾಲ ನಂದು ಮುಗೀತು ಅನಕೊಂಡೆ" ಅಂದರು. ಆಮೇಲೆ ಸಂತೆಯಲ್ಲಿ ಯಾರೋ ಕೊಟ್ಟ ಪುಡಿ ತಿಂದಿದ್ದಾರೆ. ಬೇರೆ ಕೋಣೆಯಲ್ಲಿ ಮಲಗಲು ಶುರು ಮಾಡಿದ್ದಾರೆ.

ಅವರು ಮುಗಿದುಹೋಯಿತು ಅಂದುಕೊಂಡಿದ್ದು ನಿಜವಾಗಿ ಔಷಧಿ ಹತ್ತುತ್ತಿದ್ದ ಗುರುತು. ಟೆಸ್ಟೋಸ್ಟಿರಾನ್ ಕೊಟ್ಟಾಗ ಎಲ್ಲವೂ ಒಟ್ಟಿಗೆ ಬರುವುದಿಲ್ಲ. ಮೊದಲು ಬರುವುದು ಆಸೆ. ಸಾಮಾನ್ಯವಾಗಿ ಮೂರು ವಾರದ ಹೊತ್ತಿಗೆ ಕಾಣಿಸಿಕೊಂಡು ಆರು ವಾರಕ್ಕೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ನಿಮಿರುವಿಕೆ, ಸ್ಖಲನ ಸುಧಾರಿಸಲು ಆರು ತಿಂಗಳವರೆಗೂ ಬೇಕಾಗಬಹುದು. ಈ ಲೆಕ್ಕ ನನಗೆ ಗೊತ್ತಿತ್ತು. ಡಾಕ್ಟರ್ ಕಲಿಸಿದ್ದರು, ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಗೊತ್ತಿದ್ದೂ ಹೇಳಲಿಲ್ಲ. ಅದೇ ನನಗೆ ಇವತ್ತಿಗೂ ಚುಚ್ಚುತ್ತದೆ. ಮಧ್ಯದ ಆ ವಾರಗಳು, ಆಸೆ ಬಂದು ಮೈ ಬರದ ವಾರಗಳು, ಬರಬಹುದು ಅಂತ ಮೊದಲೇ ಹೇಳಿದ್ದರೆ ಅವರು ಬೇರೆ ಕೋಣೆಗೆ ಹೋಗುತ್ತಿರಲಿಲ್ಲ.

ಇನ್ನೂ ಒಂದಿದೆ. ಆರು ತಿಂಗಳಾದರೂ ಸೂಜಿಯೊಂದರಿಂದಲೇ ನಿಮಿರುವಿಕೆ ಬರದೇ ಇರಬಹುದು. ಅಮೆರಿಕದಲ್ಲಿ ಟ್ರಾವರ್ಸ್ ಅಂತ ದೊಡ್ಡ ಅಧ್ಯಯನ ನಡೆಯಿತು. 45ರಿಂದ 80 ವಯಸ್ಸಿನ, ಟೆಸ್ಟೋಸ್ಟಿರಾನ್ ಕಡಿಮೆ ಇದ್ದ, ಹೃದಯದ ಕಾಯಿಲೆ ಅಥವಾ ಅದರ ಅಪಾಯ ಇದ್ದ 5,000ಕ್ಕೂ ಹೆಚ್ಚು ಗಂಡಸರು ಅದರಲ್ಲಿದ್ದರು. ಮುಖ್ಯ ವರದಿ 2023ರಲ್ಲಿ ಬಂತು. ಅವರಲ್ಲೇ ಆಸೆ ಕಡಿಮೆ ಆಗಿದ್ದ ಒಂದು ಗುಂಪನ್ನು ಬೇರೆಯಾಗಿ ನೋಡಿದಾಗ, ಔಷಧಿ ಜೆಲ್ ಹಚ್ಚಿಕೊಂಡವರಲ್ಲಿ ಆಸೆ, ಲೈಂಗಿಕ ಚಟುವಟಿಕೆ ಹೆಚ್ಚಿತು. ನಿಮಿರುವಿಕೆ ಮಾತ್ರ ಔಷಧಿ ಇಲ್ಲದ ಜೆಲ್ ಹಚ್ಚಿಕೊಂಡವರಿಗಿಂತ ಹೆಚ್ಚೇನೂ ಸುಧಾರಿಸಲಿಲ್ಲ. ನಮ್ಮ ಶುಗರ್ ಪೇಷಂಟುಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ವರ್ಷಗಟ್ಟಲೆ ಶುಗರ್ ಏರಿದ್ದರೆ ಸಣ್ಣ ರಕ್ತನಾಳ, ನರ ಎರಡೂ ಕೆಡುತ್ತವೆ. ಹಾರ್ಮೋನ್ ಬಂದು ಆಸೆ ಹುಟ್ಟಿಸಬಹುದು, ಆದರೆ ರಕ್ತ ಅಲ್ಲಿಗೆ ಹರಿಯಬೇಕಲ್ಲ. ಇದನ್ನು ವಿವರಿಸಿದಾಗ ಕಾಕಾನೇ ಹೇಳಿದರು, "ಮೋಟಾರ್ ಚಾಲೂ ಆಗ್ಯಾದ, ಪೈಪಿನ್ಯಾಗ ನೀರು ಏರವಲ್ದು ಅಂದಂಗಾತು." ನಾನು ಎಷ್ಟು ಹೊತ್ತು ಯೋಚಿಸಿದ್ದರೂ ಇದಕ್ಕಿಂತ ಚೆನ್ನಾಗಿ ಹೇಳಲು ಆಗುತ್ತಿರಲಿಲ್ಲ.

ಡಾಕ್ಟರ್ ಮೊದಲು ಆ ಪುಡಿ ಬಿಡಿಸಿದರು. ಇಂಥ ಪುಡಿಗಳಲ್ಲಿ ಹೇಳದೆ ಕೇಳದೆ ಸಿಲ್ಡೆನಾಫಿಲ್, ಅಂದರೆ ನಿಮಿರುವಿಕೆಗೆ ಕೊಡುವ ಔಷಧಿ, ಬೆರೆಸಿರುವುದು ಎಷ್ಟೋ ದೇಶಗಳ ತಪಾಸಣೆಯಲ್ಲಿ ಸಿಕ್ಕಿದೆ. ಎದೆನೋವಿಗೆ ನಾಲಿಗೆ ಕೆಳಗೆ ಮಾತ್ರೆ ಇಟ್ಟುಕೊಳ್ಳುವವರು ಅದನ್ನು ತಿಂದರೆ ಬಿಪಿ ಒಮ್ಮೆಲೇ ಕುಸಿದು ಜೀವಕ್ಕೇ ಸಂಚಕಾರ. ಕಾಕಾಗೆ ಎದೆಯ ತೊಂದರೆ ಇಲ್ಲ, ಅಂಥ ಮಾತ್ರೆಯೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಅದೇ ಸಿಲ್ಡೆನಾಫಿಲ್ಲನ್ನು ಅಳತೆ ಹಾಕಿ ಬರೆದುಕೊಟ್ಟರು. ಶುಗರ್ ಮಾತ್ರೆ ಬದಲಿಸಿದರು. ಸೂಜಿ ಮತ್ತೆ ಶುರುವಾಯಿತು. ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ನೋಡುತ್ತಿರುತ್ತೇವೆ, ಅದು ಶೇಕಡಾ 54 ದಾಟಿದರೆ ರಕ್ತ ಅತಿ ದಪ್ಪ ಆಯಿತು ಅಂತ, ಸೂಜಿ ನಿಲ್ಲಿಸಬೇಕು.

ಆ ದಿನ ಕಾಕಾನ ಹೆಂಡತಿಯೂ ಬಂದಿದ್ದರು. ಹೊರಗೆ ಬೆಂಚಿನ ಮೇಲೆ ಸೆರಗು ಹಲ್ಲಲ್ಲಿ ಕಚ್ಚಿಕೊಂಡು ಕೂತಿದ್ದರು. ಕಾಕಾ ಒಪ್ಪಿದ ಮೇಲೆ ಡಾಕ್ಟರ್ ಅವರನ್ನೂ ಒಳಗೆ ಕರೆದು ಹೇಳಿದರು. ಆ ಅವ್ವ ಬಹಳ ಹೊತ್ತು ಸುಮ್ಮನಿದ್ದು, "ನಾ ಇವರಿಗಿ ಬ್ಯಾಡಾಗೀನಿ ಅಂತ ತಿಳ್ಕೊಂಡಿದ್ದೆ ರೀ" ಅಂದರು. ಎರಡು ವರ್ಷ ಆಕೆ ಹಾಗೇ ತಿಳಿದುಕೊಂಡು ರೊಟ್ಟಿ ಬಡಿದು ಹಾಕಿದ್ದಾರೆ.

ಅಂದಿನಿಂದ ಆ ಎರಡು ನಿಮಿಷವನ್ನು ನಾನು ಸುಮ್ನೆ ಬಿಡುವುದಿಲ್ಲ. ಗೋಡೆ ಕಡೆ ಮುಖ ಇದ್ದಾಗ ಗಂಡಸರು ಕೇಳುತ್ತಾರೆ, ಎದುರಿಗೆ ಕೂತರೆ ಕೇಳುವುದಿಲ್ಲ. ಅದಕ್ಕೆ ಅವರು ಕೇಳುವ ಮೊದಲೇ ನಾನೇ ಹೇಳುತ್ತೇನೆ. ಮೊದಲ ವಾರ ಏನೂ ಕಾಣುವುದಿಲ್ಲ, ಕಾಯಬೇಡಿ. ತಿಂಗಳ ಹೊತ್ತಿಗೆ ಆಸೆ ಬರಬಹುದು, ಮೈ ಹಿಂದೆ ಉಳಿಯಬಹುದು. ಅವಾಗ ಹೆದರಬೇಡಿ, ನನಗೆ ಫೋನ್ ಮಾಡಿ. ಆರು ತಿಂಗಳಿಗೂ ಬರದಿದ್ದರೆ ಬೇರೆ ದಾರಿ ಇದೆ.

ಸೂಜಿ ತುಂಬುವ ಮೊದಲೇ ಒಂದು ಪ್ರಶ್ನೆ ಕೇಳಿಬಿಡುತ್ತೇನೆ: ಮುಂದೆ ಮಕ್ಕಳು ಬೇಕಾ? ಹೊರಗಿನಿಂದ ಟೆಸ್ಟೋಸ್ಟಿರಾನ್ ಕೊಟ್ಟರೆ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ವೃಷಣಕ್ಕೆ ಕೊಡುವ ಸಂಕೇತ ನಿಲ್ಲಿಸುತ್ತದೆ, ವೃಷಣ ವೀರ್ಯಾಣು ಮಾಡುವುದನ್ನು ಬಿಡುತ್ತದೆ. ಹೋದ ವರ್ಷ ಮದುವೆಯಾದ ಹುಡುಗನೊಬ್ಬ ಜಿಮ್‌ನ ಗೆಳೆಯರ ಮಾತು ಕೇಳಿ ಇದನ್ನೇ ಹಾಕಿಸಿಕೊಂಡು ಬಂದಿದ್ದ. ವೀರ್ಯ ಪರೀಕ್ಷೆಯಲ್ಲಿ ಸೊನ್ನೆ. ನಿಲ್ಲಿಸಿದರೆ ಹೆಚ್ಚಿನವರಿಗೆ ತಿರುಗಿ ಬರುತ್ತದೆ, ಆದರೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ಮಕ್ಕಳು ಬೇಕು ಅನ್ನುವವರಿಗೆ ಡಾಕ್ಟರ್ ಬೇರೆ ಔಷಧಿ ನೋಡುತ್ತಾರೆ.

ಕಾಕಾ ಹೋದ ವಾರ ಬಂದಿದ್ದರು. ಮತ್ತೆ ಶುರುವಾಗಿ ಈಗ ಎಂಟನೇ ತಿಂಗಳು. ಮಾತ್ರೆ ಬೇಕಾಗುತ್ತದೆ, ಎಲ್ಲ ಸಲವೂ ಅಲ್ಲ ಅಂದರು. ಒಂದೇ ಕೋಣೆಯಲ್ಲಿ ಮಲಗುತ್ತಿದ್ದಾರೆ. ಬಾಟಲಿ ಅಂಗೈಯಲ್ಲಿ ಬೆಚ್ಚಗಾಯಿತು, ಅವರು ಗೋಡೆ ಕಡೆ ಹೊರಳಿದರು. ಸೂಜಿ ಒಳಗೆ ಹೋದ ಮೇಲೆ ಮೆಲ್ಲಗೆ ಅಂದರು:

"ಇವತ್ತ ಜರಾ ಸಾವಕಾಶ ಮಾಡ್ರಿ ಸರ. ನಮ್ಮ ಅಣ್ಣಗೂ ಹತ್ತು ವರ್ಷದ ಶುಗರ್ ಅದ. ಅವಂದು ಒಂದು ಕೇಳೂದದ."